ಬೆಲ್ಲದ ನೀರಿನ ಟಬ್

ನಮ್ಮ ಮನೆಯ ಊಟದ ಮೇಜಿನ ಮೇಲೆ ಸುಮಾರು ಒಂದು ವರ್ಷ ಯಾರೂ ಊಟ ಮಾಡಲಿಲ್ಲ. ಅದರ ಮೇಲೆ ಹಳೇ ಕಾರಿನ ಸಾಮಾನು ಇತ್ತು. ಅಪ್ಪ ಪತ್ರಿಕೆ ಹಾಸಿ ಪಿಸ್ಟನ್ನು, ಸ್ಪ್ರಿಂಗು, ಹಲ್ಲುಚಕ್ರ, ಗಾಜಿಲ್ಲದ ದೀಪದ ಬಟ್ಟಲು, ಯಾವುದೋ ಡ್ಯಾಶ್‌ಬೋರ್ಡಿನಿಂದ ಕಿತ್ತ ಮೀಟರು, ಎಲ್ಲವನ್ನೂ ಸಾಲಾಗಿ ಜೋಡಿಸಿದ್ದ. ಪತ್ರಿಕೆ ಎಣ್ಣೆ ಕುಡಿದು ಮರಕ್ಕೆ ಅಂಟಿಕೊಂಡಿತ್ತು. ಅದನ್ನು ಕಿತ್ತರೆ ಅಕ್ಷರಗಳು ಮೇಜಿನ ಮೇಲೇ ಉಳಿಯುತ್ತಿದ್ದವು. ತುಕ್ಕಿನ ಪುಡಿ ಬೆಳಗಿನ ಬಿಸಿಲಲ್ಲಿ ಹಾರಿ ಹಾಲಿನ ಲೋಟದಲ್ಲಿ ಕೂರುತ್ತಿತ್ತು. ಕೆಲವು ಡಬ್ಬಿ ತೆಗೆದರೆ ಇಲಿಯ ಉಚ್ಚೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅಪ್ಪನಿಗೆ ಅದು ಬರುತ್ತಲೇ ಇರಲಿಲ್ಲ. ನಾವಿಬ್ಬರೂ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ತಟ್ಟೆ ಕೈಯಲ್ಲಿ ಹಿಡಿದು ತಿನ್ನುತ್ತಿದ್ದೆವು. ಅಪ್ಪನ ಉಗುರಿನ ಸಂದಿಯಲ್ಲಿ ಕಪ್ಪು ಇರುತ್ತಿತ್ತು. ಅದೇ ಬೆರಳಿನಿಂದ ಅವನು ಅನ್ನ ಕಲಸುವುದನ್ನು ನೋಡಲಾರದೆ ನಾನು ಗೋಡೆಯ ಕಡೆ ಮುಖ ಮಾಡಿ ಉಣ್ಣುವುದನ್ನು ಕಲಿತೆ. ಆಗ ನನಗೆ ಹನ್ನೆರಡು ವರ್ಷ. ಅವ್ವ ತೀರಿಕೊಂಡು ಮೂರು ತಿಂಗಳಾಗಿತ್ತು.

ಮನೆ ಇದ್ದದ್ದು ಅಮೆರಿಕದ ಟೆಕ್ಸಸ್ಸಿನಲ್ಲಿ, ಡಲ್ಲಾಸಿನ ಹತ್ತಿರದ ಮರ್ಫಿ ಎಂಬ ಊರಿನಲ್ಲಿ. ಸದ್ದಿಲ್ಲದ ಬೀದಿ, ಒಂದೇ ಬಣ್ಣದ ಇಟ್ಟಿಗೆಯ ಮನೆಗಳು. ಅಪ್ಪ ಪಕ್ಕದ ಊರು ಪ್ಲೇನೋದ ಒಂದು ಪಂಪು ತಯಾರಿಸುವ ಕಂಪನಿಯಲ್ಲಿ ನಕಾಶೆ ಬರೆಯುವ ಕೆಲಸ ಮಾಡುತ್ತಿದ್ದ. ಅವ್ವ ಹುಬ್ಬಳ್ಳಿಯಿಂದ ಬಂದು ಹದಿನೈದು ವರ್ಷವಾದರೂ ಮಾತಿನ ಧಾಟಿ ಬದಲಿಸಿರಲಿಲ್ಲ. ಅವಳು ಇದ್ದಾಗ ಗ್ಯಾರೇಜಿಗೂ ಅಡುಗೆಮನೆಗೂ ನಡುವಿನ ಬಾಗಿಲು ಒಂದು ಗಡಿಯಾಗಿತ್ತು. ಕಬ್ಬಿಣ ಅದನ್ನು ದಾಟುವಂತಿರಲಿಲ್ಲ. ಶನಿವಾರ ಸಂಜೆ ಅಪ್ಪ ಅಲ್ಲಿ ಬಂದು ನಿಲ್ಲುತ್ತಿದ್ದ. ಅವ್ವ ಜಿಡ್ಡು ತೊಳೆಯಲು ಬಟ್ಟಲಿನಲ್ಲಿ ಕಡಲೆಹಿಟ್ಟು ಹಿಡಿದು ಈಚೆ ನಿಂತಿರುತ್ತಿದ್ದಳು.

"ಕೈ ತೋರಸ್ರಿ."

"ತೊಳಕೊಂಡೀನಲ್ಲ."

"ನೀವು ತೊಳಕೊಂಡೀನಂತೀರಿ, ನಿಮ್ಮ ಉಗುರು ಇಲ್ಲಂತಾವ. ಯಾರ ಮಾತು ಕೇಳ್ಲಿ?"

ಹಾಟ್ ರಾಡ್ ಎಂಬ ಮಾತು ನಮ್ಮ ಮನೆಗೆ ಹೇಗೆ ಬಂತೋ ನನಗೆ ಗೊತ್ತಿಲ್ಲ. ಡಲ್ಲಾಸಿನಲ್ಲಿ ಹಳೇ ಬಿಡಿಭಾಗಗಳ ಸಂತೆಯೊಂದಕ್ಕೆ ಅಪ್ಪ ಆಫೀಸಿನವರ ಜೊತೆ ಹೋಗಿದ್ದ. ಬರುವಾಗ ಒಂದು ಸ್ಟಿಯರಿಂಗ್ ಚಕ್ರ ತಂದ. ಆಮೇಲೆ ಆಸ್ಟಿನ್ನಿನಿಂದ ಎರಡು ದೀಪ, ಮತ್ತೆಲ್ಲಿಂದಲೋ ಮುರುಕು ಫ್ರೇಮು. ಸಾಮಾನು ಮೊದಲು ಬಂತು, ಯೋಜನೆ ಆಮೇಲೆ ಬಂತು. ಅವ್ವ ಇದೇನೆಂದು ಕೇಳಿದಳು.

"ಹಿಂದಕ ಇಲ್ಲಿಯ ಹುಡುಗರು ಗುಜರಿಯೊಳಗಿಂದ ಒಂದರ ಬಾಡಿ ತರ್ತಿದ್ರು, ಇನ್ನೊಂದರ ಇಂಜಿನ್ ತರ್ತಿದ್ರು. ಬ್ಯಾಡಾದ್ದೆಲ್ಲ ಕಿತ್ತೊಗದು, ಕೂಡಿಸಿ, ಜೋರ್ ಓಡಸ್ತಿದ್ರು. ಅದ ಹಾಟ್ ರಾಡು."

"ಓಡಿಸಿ ಎಲ್ಲಿಗೆ ಹೋಗ್ತಿದ್ರು?"

"ಎಲ್ಲಿಗೂ ಇಲ್ಲ. ಓಡಸೋದು ಅಷ್ಟ."

"ನಮ್ಮನ್ಯಾಗ ಎರಡು ಕಾರ್ ಅವ. ಅವೂ ಓಡ್ತಾವ. ಮ್ಯಾಲೆ ಕಿರಾಣಿ ಅಂಗಡಿಗೂ ಹೋಗ್ತಾವ."

ಅಪ್ಪನ ಯೋಜನೆಗೆ ಒಂದು ಕಟ್ಟುನಿಟ್ಟಿತ್ತು. ಪ್ರತಿ ಭಾಗವೂ ಹಳೇ ಕಾಲದ್ದೇ ಆಗಿರಬೇಕು. ಹಳೆಯದರ ಹಾಗೆ ಕಾಣುವಂತೆ ಈಗ ಮಾಡಿ ಮಾರುವ ಹೊಸ ಭಾಗಗಳಿವೆ, ಅವು ನಡೆಯುವುದಿಲ್ಲ. ಒಂದು ಹೊಸ ಬೋಲ್ಟು ಬಂದರೂ ಕಾರು ಕೆಟ್ಟಿತು ಎನ್ನುತ್ತಿದ್ದ. "ನಿಮ್ಮ ಕಾರಿಗೂ ಮಡಿ ಬಂತಲ್ರಿ" ಎಂದು ಅವ್ವ ನಗುತ್ತಿದ್ದಳು. ಗ್ಯಾರೇಜಿನ ನೆಲದ ಮೇಲೆ ಅವನು ಸೀಮೆಸುಣ್ಣದಿಂದ ಕಾರನ್ನು ಅದರ ನಿಜವಾದ ಅಳತೆಯಲ್ಲಿ ಬರೆದಿದ್ದ. ಯಾವ ಭಾಗ ಎಲ್ಲಿ ಕೂರಬೇಕೋ ಆ ಗೆರೆಯ ಒಳಗೆ ಅದನ್ನು ಇಡುತ್ತಿದ್ದ. ಎರಡು ಒಳ್ಳೆಯ ಕಾರುಗಳು ಬೀದಿಯಲ್ಲಿ ಆಲಿಕಲ್ಲಿಗೆ ಮೈಕೊಟ್ಟು ನಿಲ್ಲುತ್ತಿದ್ದವು. ಭಾಗಗಳ ಪಟ್ಟಿ ಬರೆಯುವ ಕೆಲಸ ನನ್ನದು, ಅದೂ ಕನ್ನಡದಲ್ಲಿ. ಭಾನುವಾರ ಅವ್ವ ಕಲಿಸಿದ ಅಕ್ಷರ ಮರೆಯಬಾರದೆಂದು. ಅಪ್ಪ ಹೇಳಿದ ಕಾರಣ ಬೇರೆ: "ಇಂಗ್ಲಿಷಿನ್ಯಾಗ ಬರದ್ರ ಯಾರರ ಓದಿ ನನ್ನ ಪ್ಲ್ಯಾನ್ ಕದೀತಾರ." ಒಂದೊಂದು ಭಾಗಕ್ಕೆ ಒಂದು ಅಂಕಿ, ಹೆಸರು, ಸಿಕ್ಕಿದ ಊರು, ಕೊನೆಗೆ ಯಾವ ಲೋಹ ಎಂಬುದು. ಕಬ್ಬಿಣ ಅಥವಾ ಅಲ್ಯೂಮಿನಿಯಂ. ನಾನು ಇಂಗ್ಲಿಷಿನಲ್ಲಿ ಗೊಣಗುತ್ತ ಕನ್ನಡದಲ್ಲಿ ಬರೆಯುತ್ತಿದ್ದೆ.

ಇಂಜಿನ್ ಸಿಕ್ಕಿದ್ದು ಹ್ಯೂಸ್ಟನ್ ಕಡೆ. ಆ ಕಾಲದ ಎಂಟು ಸಿಲಿಂಡರಿನ ಇಂಜಿನ್ನುಗಳು ಬಿರುಕು ಬಿಟ್ಟೇ ಇರುತ್ತವಂತೆ. ಬಿರುಕಿಲ್ಲದ್ದು ಒಂದಿದೆ ಎಂದು ಗೊತ್ತಾಗಿ ಮೂವರೂ ಹೊರಟೆವು. ದ ವುಡ್‌ಲ್ಯಾಂಡ್ಸ್ ಎಂಬ ಊರು ದಾಟಿ ಮಣ್ಣಿನ ರಸ್ತೆಗೆ ಇಳಿದ ಮೇಲೆ ಒಂದು ತಗಡಿನ ಷೆಡ್ಡು. ಅದರ ಯಜಮಾನ ಡ್ವೇನ್ ಎಂಬ ಮುದುಕ. ಅವನ ಕೆಳತುಟಿಯ ಒಳಗೆ ತಂಬಾಕು ಇತ್ತು. ಕೈಯಲ್ಲಿದ್ದ ಕಾಗದದ ಲೋಟಕ್ಕೆ ಉಗುಳುತ್ತ ಮಾತಾಡುತ್ತಿದ್ದ. ಆ ಕಂದು ನೀರು ಲೋಟದಲ್ಲಿ ತುಳುಕುವುದನ್ನು ನೋಡಲಾರದೆ ನಾನು ಅವ್ವನ ಹಿಂದೆ ಹೋಗಿ ನಿಂತೆ. ಇಂಜಿನ್ನಿನ ಒಂದು ರಂಧ್ರದಲ್ಲಿ ಇಲಿಯ ಗೂಡಿತ್ತು. ಡ್ವೇನ್ ಅದನ್ನು ಬೆರಳು ಹಾಕಿ ಎಳೆದಾಗ ಒಣಗಿದ ಮರಿಗಳು ನೂಲಿನ ಜೊತೆ ಬಂದವು. ಅಪ್ಪ ಮಾತ್ರ ಮೊಣಕಾಲೂರಿ ಕುಳಿತು ಆ ರಂಧ್ರದ ಒಳಗೆ ಬ್ಯಾಟರಿಯ ಬೆಳಕು ಬಿಟ್ಟು, ದೇವರ ಗುಡಿಯೊಳಗೆ ಇಣುಕಿದವನ ಹಾಗೆ ನೋಡುತ್ತಿದ್ದ.

"ಎಲಿಅಡಿಕಿ ಉಗಳವ್ರನ್ನ ಬಿಟ್ಟು ಇಷ್ಟು ದೂರ ಬಂದ್ವಿ" ಎಂದು ಅವ್ವ ನನ್ನ ಕಿವಿಯಲ್ಲಿ ಹೇಳಿದಳು. "ಇಲ್ಲೂ ಕೂತಾರ ನೋಡು ನಮ್ಮ ಮಂದಿ."

ಆದರೂ ಊಟದ ಹೊತ್ತಿಗೆ ಚಪಾತಿಯ ಸುರುಳಿಯೊಂದನ್ನು ಅವನಿಗೂ ಕೊಟ್ಟಳು. ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಪುಡಿ. ಡ್ವೇನ್ ತಂಬಾಕು ತೆಗೆದು, ಬಾಯಿ ಮುಕ್ಕಳಿಸಿ ತಿಂದ. ಇನ್ನೊಂದು ಇದೆಯೇ ಎಂದು ಕೇಳಿ ಅದನ್ನೂ ತಿಂದ. ಆಮೇಲೆ ಷೆಡ್ಡಿನ ಹಿಂದೆ ಹೋಗಿ ಬೆಳ್ಳಗಿನ ಒಂದು ಭಾಗ ತಂದು ಅವ್ವನ ಕೈಗೆ ಕೊಟ್ಟ. ಅಪ್ಪನಿಗಲ್ಲ, ಇದು ನಿನಗೆ ಎಂದ. ಮೂರು ಕಾರ್ಬುರೇಟರುಗಳನ್ನು ಸಾಲಾಗಿ ಕೂರಿಸಲು ಇಂಜಿನ್ನಿನ ನೆತ್ತಿಯ ಮೇಲೆ ಬಿಗಿಯುವ ಅಲ್ಯೂಮಿನಿಯಂ ಪೀಠ ಅದು. ಅಂಥದ್ದು ಹುಡುಕಿದರೂ ಸಿಗುವುದಿಲ್ಲವೆಂದು ಅಪ್ಪನ ಮುಖ ನೋಡಿದರೇ ತಿಳಿಯುತ್ತಿತ್ತು. ಅವ್ವ ಅದನ್ನು ತೂಗಿ ನೋಡಿದಳು.

"ಎಷ್ಟು ಹಗರ ಅದರೀ! ಥೇಟ್ ಪಡ್ಡಿನ ಹಂಚು."

ವಾಪಸು ಬರುವಾಗ ಮೂರೂವರೆ ತಾಸು ಅದು ಅವಳ ತೊಡೆಯ ಮೇಲೇ ಇತ್ತು. ಮನೆಗೆ ಬಂದ ಮೇಲೆ ಹುಣಸೆಹಣ್ಣು ಹಚ್ಚಿ ಉಜ್ಜಿ, ದೇವರ ಸಾಮಾನು ಆರಿಸುವ ಕಿಟಕಿಯಲ್ಲಿ ಇಟ್ಟಳು. ಗಡಿ ದಾಟಲು ಒಪ್ಪಿಗೆ ಸಿಕ್ಕ ಒಂದೇ ಒಂದು ಭಾಗ ಅದು. ಪಟ್ಟಿಯಲ್ಲಿ ನಾನು "ಪಡ್ಡಿನ ಹಂಚು, ಹ್ಯೂಸ್ಟನ್, ಅಲ್ಯೂಮಿನಿಯಂ" ಎಂದೇ ಬರೆದೆ. ಅಪ್ಪ ಇಡೀ ಯೋಜನೆಯನ್ನು ಅಳಿಸಿ ಅದರ ಸುತ್ತ ಮತ್ತೆ ಬರೆದ. ಮೂರು ಕಾರ್ಬುರೇಟರು ಕಾಣಬೇಕಾದರೆ ಇಂಜಿನ್ನಿಗೆ ಮುಚ್ಚಳ ಇರಬಾರದು. ಮುಚ್ಚಳ ಇಲ್ಲದಿದ್ದರೆ ಮುಂದಿನ ಜಾಲರಿ ಗಿಡ್ಡಗಾಗಬೇಕು. ಹೀಗೆ ಒಂದರಿಂದ ಒಂದು.

ಅವ್ವನ ಕಾಯಿಲೆಯ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಡಲ್ಲಾಸಿನ ಆಸ್ಪತ್ರೆಗೆ ಹೋದಳು, ನಾಲ್ಕು ವಾರ ಇದ್ದಳು, ಬರಲಿಲ್ಲ. ಹತ್ತಿರದ ಊರು ಕಾಪೆಲ್‌ನಲ್ಲಿದ್ದ ನನ್ನ ಕಾಕು, ಅಂದರೆ ಅಪ್ಪನ ತಮ್ಮನ ಹೆಂಡತಿ, ಹದಿಮೂರು ದಿನ ನಮ್ಮ ಮನೆಯಲ್ಲಿದ್ದು ಎಲ್ಲ ನಡೆಸಿ ಹೋದಳು. ಅವಳ ಕಾರು ತಿರುವು ದಾಟಿದ ವಾರದಲ್ಲೇ ಮೊದಲ ಪಿಸ್ಟನ್ನು ಅಡುಗೆಮನೆಯ ಬಾಗಿಲು ದಾಟಿತು. ಗ್ಯಾರೇಜಿನಲ್ಲಿ ಸೆಕೆ ಎಂದ ಅಪ್ಪ. ಆಮೇಲೆ ಅವನು ಕಾರಣ ಹೇಳುವುದನ್ನೂ ಬಿಟ್ಟ. ಕುಕ್ಕರಿನಲ್ಲಿ ಕಾರ್ಬುರೇಟರು ಕುದಿಸಿದ. ಇಡ್ಲಿ ತಟ್ಟೆಯ ಗುಳಿಗಳಲ್ಲಿ ತಿರುಪು ಮೊಳೆಗಳನ್ನು ಗಾತ್ರದ ಪ್ರಕಾರ ವಿಂಗಡಿಸಿದ. ರೊಟ್ಟಿಯ ಹಂಚಿನ ಮೇಲೆ ಬಣ್ಣ ಬಳಿದ ತಗಡು ಒಣಗಿಸಿದ. ಮನೆಯೆಲ್ಲ ಸುಟ್ಟ ಪೇಂಟಿನ ವಾಸನೆ ತುಂಬಿ ನನಗೆ ತಲೆ ನೋಯುತ್ತಿತ್ತು. ಅವ್ವ ಮುಟ್ಟಿದ್ದ ಒಂದೊಂದು ಪಾತ್ರೆಯೂ ಹೀಗೆ ಕೈಬಿಟ್ಟು ಹೋಗುವುದನ್ನು ನಾನು ನೋಡುತ್ತಿದ್ದೆ. ಬಾಯಿ ತೆರೆದರೆ ಅಳು ಬರುತ್ತದೆಂದು ಸುಮ್ಮನಿದ್ದೆ. ಅಪ್ಪ ನನ್ನ ಮೌನವನ್ನು ಒಪ್ಪಿಗೆ ಎಂದುಕೊಂಡ.

ಎಲ್ಲಕ್ಕಿಂತ ಹೊಲಸಾಗಿದ್ದು ಟಬ್ಬು. ತುಕ್ಕು ಬಿಡಿಸಲು ಕಬ್ಬಿಣವನ್ನು ಕಾಕಂಬಿಯ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಬೇಕೆಂದು ಡ್ವೇನ್ ಹೇಳಿಕೊಟ್ಟಿದ್ದ. ದನದ ಮೇವಿನ ಅಂಗಡಿಯಲ್ಲಿ ಕಾಕಂಬಿ ಡಬ್ಬಿಗಟ್ಟಲೆ ಸಿಗುತ್ತಿತ್ತು. ಅಪ್ಪನಿಗೆ ಅದು ಸರಿಬರಲಿಲ್ಲ. "ಕಾಕಂಬಿ ಅಂದ್ರ ಬೆಲ್ಲದ ಹೊಲಸು. ಮನ್ಯಾಗ ಬೆಲ್ಲನ ಇರಬೇಕಾದ್ರ ಹೊಲಸು ಯಾಕ ತರೋದು?" ಎಂದ. ಅವ್ವ ಯುಗಾದಿಯ ಹೋಳಿಗೆಗೆಂದು ತೆಗೆದಿಟ್ಟಿದ್ದ ಬೆಲ್ಲದ ಅಚ್ಚುಗಳನ್ನು ಅತಿಥಿಗಳ ಬಚ್ಚಲಿನ ಟಬ್ಬಿಗೆ ಒಡೆದು ಹಾಕಿದ. ಸಾಲದೆ ಬಂದಾಗ ಭಾರತದ ಅಂಗಡಿಯಿಂದ ಪ್ರತಿ ವಾರ ತಂದ. "ಮನೇಲಿ ಮದುವೆನಾ ಅಂಕಲ್?" ಎಂದು ಅಂಗಡಿಯ ಹುಡುಗಿ ಕೇಳಿದಳು. ಹೌದು ಎಂದು ಅಪ್ಪ ನಕ್ಕ. ಎರಡನೇ ವಾರಕ್ಕೆ ನೀರು ಹುಳಿ ಬಂದು ನೊರೆಗಟ್ಟಿತು. ಮೂರನೇ ವಾರಕ್ಕೆ ಅದರ ಮೇಲೆ ಬೂದು ಕೆನೆ, ಕೆನೆಯ ಮೇಲೆ ಹಸಿರು ಕೂದಲಿನಂಥ ಬೂಸ್ಟು. ಒಳಗಿನಿಂದ ಗುಳ್ಳೆಯೊಂದು ನಿಧಾನವಾಗಿ ಎದ್ದು ಒಡೆದಾಗ ಕೊಳೆತ ಕಬ್ಬಿನ ಜೊತೆ ರಕ್ತದಂಥ ವಾಸನೆ ಬರುತ್ತಿತ್ತು. ಕಿಟಕಿಯ ಸಂದಿಯಿಂದ ಕೆಂಪಿರುವೆಗಳು ಸಾಲುಗಟ್ಟಿ ಬಂದು, ಟಬ್ಬಿನ ಅಂಚಿನಲ್ಲಿ ಮುಳುಗಿ ಸತ್ತು, ಸತ್ತವುಗಳ ಮೇಲೆ ಬದುಕಿದ್ದವು ನಡೆಯುತ್ತಿದ್ದವು. ಶಾಲೆಯಲ್ಲಿ ನನ್ನ ಪಕ್ಕದ ಹುಡುಗಿ ನನ್ನ ಜಡೆಯನ್ನು ಮೂಸಿ, ನಿಮ್ಮ ಮನೆಯಲ್ಲಿ ಏನಾದರೂ ಸತ್ತಿದೆಯಾ ಎಂದು ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವಳಿಗೆ ಅವ್ವನ ವಿಷಯ ಗೊತ್ತಿರಲಿಲ್ಲ.

ಅಪ್ಪ ನನಗೆ ಒಂದೇ ಮಾತು ಹೇಳಿದ್ದ, ಅದೂ ಹಲವು ಸಲ: "ಟಬ್ಬಿನ್ಯಾಗ ಕಬ್ಬಿಣ ಅಷ್ಟ. ಅಲ್ಯೂಮಿನಿಯಂ ಬಿದ್ರ ತಿಂದು ಹಾಕ್ತದ." ಅದಕ್ಕೇ ಪಟ್ಟಿಯಲ್ಲಿ ಲೋಹ ಬರೆಸುತ್ತಿದ್ದದ್ದು.

ಅವ್ವನ ವರ್ಷದ ಕಾರ್ಯ ಹತ್ತಿರ ಬಂತು. ಮನೆ ಹಸನು ಮಾಡಲು ಕಾಕು ಒಂದು ವಾರ ಮೊದಲೇ ಬಂದಳು. ಬಾಗಿಲಲ್ಲೇ ಸೆರಗು ಮೂಗಿಗೆ ಹಿಡಿದಳು.

"ಭಾವಾ, ಇದು ಮನೀನೋ ಗುಜರಿ ಅಂಗಡೀನೋ? ಆಚಾರ್ಯರು ಬಂದು ಎಲ್ಲಿ ಕೂಡಬೇಕು, ಆ ಇಂಜಿನ್ ಮ್ಯಾಲೆ?"

"ಮೇಜು ಖಾಲಿ ಮಾಡ್ತೀನವ್ವಾ."

"ಬಚ್ಚಲಾ?"

"ಅದಕ್ಕ ಕೀಲಿ ಹಾಕೋಣ. ಇನ್ನೂ ಹತ್ತು ದಿನ ನೆನೀಬೇಕು."

"ನನ್ನ ಅಕ್ಕನ ಮನ್ಯಾಗ" ಎಂದಳು ಕಾಕು. ಅಷ್ಟಕ್ಕೇ ಪೊರಕೆ ಹುಡುಕಲು ಹೋದಳು.

ಮರುದಿನ ಅಪ್ಪ ಆಫೀಸಿಗೆ ಹೋಗಿದ್ದ. ಮೇಜು ಖಾಲಿ ಮಾಡುವ ಕೆಲಸ ನನಗೆ ಬಂತು. ಒಂದೊಂದೇ ಎತ್ತಿ ಪೆಟ್ಟಿಗೆಗೆ ಹಾಕುತ್ತಿದ್ದೆ. ಕೊನೆಗೆ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ಸಿಕ್ಕಿತು. ಒಳಗಿದ್ದದ್ದು ಪಡ್ಡಿನ ಹಂಚು. ಕಿಟಕಿಯಿಂದ ಅದನ್ನು ಅಪ್ಪ ಯಾವಾಗ ತೆಗೆದಿದ್ದನೋ. ಸುತ್ತಿದ್ದ ಬಟ್ಟೆ ಅವ್ವನ ಸೀರೆ. ಹಸಿರು ಒಡಲಿನ ನೂಲಿನ ಇಳಕಲ್ಲು, ಅವಳು ಮನೆಯಲ್ಲಿ ಉಡುತ್ತಿದ್ದದ್ದು, ನಾನು ಜ್ವರ ಬಂದಾಗ ಮುಖ ಹುದುಗಿಸುತ್ತಿದ್ದದ್ದು. ಅದನ್ನು ಮೊಳದುದ್ದದ ತುಂಡುಗಳಾಗಿ ಹರಿಯಲಾಗಿತ್ತು. ಹರಿದ ತುಂಡಿನ ಮೇಲೆ ಕರಿ ಗ್ರೀಸು ಹೆಪ್ಪುಗಟ್ಟಿತ್ತು. ಮೂಸಿ ನೋಡಿದೆ. ಅವ್ವನ ವಾಸನೆ ಇರಲಿಲ್ಲ, ಇಂಜಿನ್ನಿನ ವಾಸನೆ ಇತ್ತು. ಗ್ಯಾರೇಜಿಗೆ ಹೋಗಿ ನೋಡಿದರೆ ಕಪಾಟಿನಲ್ಲಿ ಹಾಗೇ ಹರಿದ ಇನ್ನಷ್ಟು ತುಂಡುಗಳು, ಬೇರೆ ಬೇರೆ ಸೀರೆಗಳವು, ಕೆಲವು ಬಳಸಿ ಬಿಸಾಕಿದವು. ನನಗೆ ವಾಂತಿಯಾಯಿತು. ಬಾಯಿ ತೊಳೆದುಕೊಂಡೆ. ಕೀಲಿ ತೆಗೆದುಕೊಂಡು ಬಚ್ಚಲಿಗೆ ಹೋದೆ. ಪಡ್ಡಿನ ಹಂಚನ್ನು ಆ ಕೆನೆಯ ಮೇಲೆ ಇಟ್ಟೆ. ಅದು ನಿಧಾನವಾಗಿ ವಾಲಿ ಮುಳುಗಿತು, ಕೆನೆ ಮತ್ತೆ ಕೂಡಿಕೊಂಡಿತು. ಗೊತ್ತಿಲ್ಲದೆ ಮಾಡಿದ್ದಲ್ಲ. ಅಲ್ಯೂಮಿನಿಯಂ ಎಂದು ಬರೆದವಳು ನಾನೇ. ಅವನಿಗೆ ತುಂಬ ಬೇಕಾದದ್ದನ್ನು ಏನಾದರೂ ತಿಂದುಹಾಕಲಿ ಎಂದು ನನಗೆ ಅನ್ನಿಸಿತ್ತು.

ಕಾರ್ಯ ನಡೆಯಿತು. ಆಚಾರ್ಯರು ಬಂದರು, ಮಂತ್ರವಾಯಿತು, ಪಿಂಡವಾಯಿತು. ಅಪ್ಪ ಒದ್ದೆ ಪಂಚೆಯಲ್ಲಿ ನಡುಗುತ್ತ ಕುಳಿತಿದ್ದ. ಅವನ ಉಗುರುಗಳು ಆವತ್ತು ಬೆಳ್ಳಗಿದ್ದವು. ಎಲ್ಲರೂ ಹೋದ ಮರುದಿನ ಕಾಕು ಮತ್ತು ನಾನು ನೆಲ ಒರೆಸುತ್ತಿದ್ದೆವು. ಒರೆಸಲು ಬಟ್ಟೆ ಸಾಲದೆ ಅವಳು ಗ್ಯಾರೇಜಿಗೆ ಹೋಗಿ, ಆ ತುಂಡುಗಳಲ್ಲಿ ಎರಡನ್ನು ತಂದಳು.

"ಅದು ಬ್ಯಾಡ ಕಾಕು" ಎಂದೆ. "ಅಪ್ಪ ಅವ್ವನ ಸೀರಿ ಎಲ್ಲಾ ಹರದಾನ."

"ನಿಮ್ಮಪ್ಪನಾ? ಅವಗೆಲ್ಲಿಂದ ಬರ್ತದ ಇಷ್ಟು ಸರಳ ಹರಿಯೋದು?" ಕಾಕು ಒಂದು ತುಂಡನ್ನು ಮಡಿಚಿ ಅಂಚು ತೋರಿಸಿದಳು. "ನಿಮ್ಮವ್ವ ಹರದದ್ದು ಇವು. ದವಾಖಾನಿಗೆ ಹೋಗೋ ಹಿಂದಿನ ದಿನ ನನ್ನ ಕೂಡಿಸಿಕೊಂಡು ಹರದ್ಲು. ಈ ತುದಿ ನಾ ಹಿಡಿದಿದ್ದೆ. ಹಳೇ ಸೀರಿ ಭಾಳ ಅವ, ನಾ ಇಲ್ಲಂದ್ರ ಈ ಪುಣ್ಯಾತ್ಮ ನನ್ನ ಚಲೋ ಟಾವೆಲ್ಲಿಗೆ ಕೈ ಒರಸ್ತಾನ ಅಂದ್ಲು. ನಕ್ಕೋತ ಹರದ್ಲು ಹುಚ್ಚಿ."

ನಮ್ಮ ಕಡೆ ಹಳೇ ನೂಲಿನ ಸೀರೆ ಕೊನೆಗೆ ಆಗುವುದೇ ಒರೆಸುವ ಬಟ್ಟೆ. ಅದು ನನಗೆ ಗೊತ್ತಿರಬೇಕಿತ್ತು. ಟೆಕ್ಸಸ್ಸಿನಲ್ಲಿ ಬೆಳೆದ ನನಗೆ ಒರೆಸುವ ಬಟ್ಟೆ ಎಂದರೆ ಕಾಗದದ ಸುರುಳಿ. ನಾನು ಬಚ್ಚಲಿಗೆ ಓಡಿ ಕೀಲಿ ತೆಗೆದೆ. ತೋಳಿನವರೆಗೆ ಕೈಹಾಕಿ ಟಬ್ಬಿನ ತಳ ತಡಕಿದೆ. ಕೆನೆ ಮೊಣಕೈಗೆ ಅಂಟಿತು, ಸತ್ತ ಇರುವೆಗಳು ಅಂಟಿದವು. ಪಡ್ಡಿನ ಹಂಚು ಮೇಲೆ ಬಂದಾಗ ಕಪ್ಪಗಿತ್ತು. ಬೆರಳಿಂದ ಒರೆಸಿದರೆ ಕಪ್ಪು ಲೋಳೆಯ ಹಾಗೆ ಜಾರಿತು. ಅಡಿಯಲ್ಲಿ ಸಿಡುಬು ಎದ್ದ ಮುಖದ ಹಾಗೆ ಕುಳಿಗಳು. ಮೂರನೇ ರಂಧ್ರದ ಅಂಚು ಒತ್ತಿದರೆ ಮುರಿಯಿತು.

ಹಿಂದೆ ಅಪ್ಪ ನಿಂತಿದ್ದ. ಅವನ ಹಿಂದೆ ಕಾಕು.

"ಏನಾತು? ಏನದು?" ಎಂದಳು ಕಾಕು.

ಅಪ್ಪ ನನ್ನ ಕೈಯಿಂದ ಅದನ್ನು ತೆಗೆದುಕೊಂಡ. ಮುರಿದ ತುಂಡನ್ನೂ ತೆಗೆದುಕೊಂಡು ಎರಡನ್ನೂ ಕೂಡಿಸಿ ನೋಡಿದ. ನನ್ನ ಮುಖ ನೋಡಲಿಲ್ಲ.

"ನಾನ ಹಾಕಿದ್ದೆ" ಎಂದ. "ಮರತು."

ನಾನು ಏನಾದರೂ ಹೇಳಬೇಕಿತ್ತು. ಕೈ ತೊಳೆಯಲು ಹೋದೆ. ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಹೋಗುವ ತನಕ ತೊಳೆಯುತ್ತಿದ್ದರೆ ಹೊರಗೆ ಅಪ್ಪನ ಎದುರಿಗೆ ಹೋಗಬೇಕಾಗಿಲ್ಲ ಎಂದು ಖುಷಿಯಾಯಿತು. ಆ ಖುಷಿ ನೆನೆದರೆ ಈಗಲೂ ನನಗೆ ನನ್ನ ಮೈ ಮುಟ್ಟಿಕೊಳ್ಳಲು ಹೇಸಿಕೆಯಾಗುತ್ತದೆ. ಆ ವಾರವೇ ಅಪ್ಪ ಟಬ್ಬು ಖಾಲಿ ಮಾಡಿ ಬಿಳಿಯಾಗುವ ತನಕ ತಿಕ್ಕಿದ. ನೆಲದ ಸೀಮೆಸುಣ್ಣ ಅಳಿಸಿ ಒಂದೇ ಕಾರ್ಬುರೇಟರಿನ ಲೆಕ್ಕದಲ್ಲಿ ಮತ್ತೊಂದು ಯೋಜನೆ ಬರೆದ. ನನ್ನನ್ನು ಪಟ್ಟಿ ಬರೆಯಲು ಕರೆಯಲಿಲ್ಲ. ಇಂಗ್ಲಿಷಿನಲ್ಲಿ ತಾನೇ ಬರೆದುಕೊಂಡ. ಫ್ರೇಮು ಇವತ್ತಿಗೂ ಸ್ಟ್ಯಾಂಡಿನ ಮೇಲೆ ಇದೆ.

ನಾನು ದೊಡ್ಡವಳಾಗುವ ಹೊತ್ತಿಗೆ ಅಪ್ಪ ಆ ಸಂತೆಗಳಲ್ಲಿ ಎಲ್ಲರಿಗೂ ಪರಿಚಯದವನಾಗಿದ್ದ. ಅವನ ಹತ್ತಿರ ಒಂದು ಕತೆ ಇತ್ತು, ಎಲ್ಲರೂ ಅದನ್ನು ಹೇಳಿಸುತ್ತಿದ್ದರು. ಹುಬ್ಬಳ್ಳಿಯ ದಡ್ಡನೊಬ್ಬ ಕಾಕಂಬಿ ಬಿಟ್ಟು ಬೆಲ್ಲ ಹಾಕಿದ್ದು, ಮದುವೆಯೇ ಎಂದು ಅಂಗಡಿಯವರು ಕೇಳಿದ್ದು, ಕೊನೆಗೆ ಸಿಗಲಾರದ ಒಂದು ಅಲ್ಯೂಮಿನಿಯಂ ಭಾಗವನ್ನು ತಾನೇ ಮರೆತು ಅದರಲ್ಲಿ ಹಾಕಿ ಕೊಂದದ್ದು. ಚೆನ್ನಾಗಿ ಹೇಳುತ್ತಿದ್ದ. ಡಲ್ಲಾಸಿನಲ್ಲಿ, ಹ್ಯೂಸ್ಟನ್ನಿನಲ್ಲಿ, ನಾನು ಪಕ್ಕದಲ್ಲಿ ನಿಂತು ಎಷ್ಟು ಸಲ ಕೇಳಿದ್ದೇನೋ. ನಗಬೇಕಾದಲ್ಲಿ ನಾನೂ ನಗುತ್ತಿದ್ದೆ. ಕೊನೆಯ ಸಲ ಕೇಳಿದ್ದು ಆಸ್ಟಿನ್ನಿನಲ್ಲಿ. ಕತೆ ಮುಗಿದ ಮೇಲೆ ಒಬ್ಬಳು ಮುದುಕಿ ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು:

"ಇದೆಲ್ಲ ಆಗುವಾಗ ನೀನೆಲ್ಲಿದ್ದೆ ಮಗಳೇ? ನಿಮ್ಮಪ್ಪನನ್ನು ತಡೆಯಬಾರದಿತ್ತೇ?"

"ಶಾಲೆಯಲ್ಲಿದ್ದೆ" ಎಂದೆ.

"ಹೌದು" ಎಂದ ಅಪ್ಪ, ನನಗಿಂತ ಬೇಗ. "ಅವಳು ಶಾಲೆಗೆ ಹೋಗಿದ್ದಳು."